ಸಮುರಾಯ್ ಸ್ವಾಮಿನಿಷ್ಠೆ: ಆದರ್ಶ ಮತ್ತು ಚಾರಿತ್ರಿಕ ವಾಸ್ತವ

ಸಮುರಾಯ್ ಎಂದೊಡನೆ ಒಡೆಯನಿಗಾಗಿ ಪ್ರಾಣವನ್ನೇ ತೆರುವ ಯೋಧನ ಚಿತ್ರ ಕಣ್ಣೆದುರು ನಿಲ್ಲುತ್ತದೆ. ಈ ಚಿತ್ರವು ಮಧ್ಯಯುಗೀನ ಜಪಾನಿನ ವಾಸ್ತವಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆಂಬುದನ್ನು ಹದಿನಾಲ್ಕನೆಯ ಶತಮಾನದ ಅಧಿಕಾರ ಸಂಘರ್ಷದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಮಕುರಾದ ಸೈನಿಕ ಪ್ರಭುತ್ವದಲ್ಲಿ ಒಡೆಯ ಮತ್ತು ಯೋಧರ ಸಂಬಂಧವು ‘ಗೊಓನ್’ ಹಾಗೂ ‘ಹೋಕೋ’ ಎಂಬ ಎರಡು ಪರಿಕಲ್ಪನೆಗಳನ್ನು ಅವಲಂಬಿಸಿತ್ತು. ಮೊದಲನೆಯದು ಒಡೆಯನ ಅನುಗ್ರಹ, ಮುಖ್ಯವಾಗಿ ಭೂಮಿಯ ಹಕ್ಕು. ಎರಡನೆಯದು ಯೋಧನು ಸಲ್ಲಿಸುವ ಸೇವೆ. ಉಪ್ಪಿನ ಋಣವು ಇಲ್ಲಿ ಉಭಯಪಕ್ಷಗಳನ್ನೂ ಬಂಧಿಸುತ್ತಿತ್ತು. 1274 ಮತ್ತು 1281ರ ಮಂಗೋಲ ಆಕ್ರಮಣಗಳನ್ನು ಎದುರಿಸಿದ ಯೋಧರಿಗೆ ಹಂಚಲು ಗೆದ್ದ ನೆಲವಿರಲಿಲ್ಲವಾಗಿ, ಆಳುತ್ತಿದ್ದ ಹೋಜೋ ಮನೆತನದ ಮೇಲೆ ಅಸಮಾಧಾನ ಬೆಳೆಯಿತು.

ಈ ಅಸಮಾಧಾನವೇ ಚಕ್ರವರ್ತಿ ಗೊ-ದೈಗೊನಿಗೆ ಬಲವಾಯಿತು. 1333ರಲ್ಲಿ ಅವನ ವಿರುದ್ಧ ಹೋಜೋಗಳು ಕಳುಹಿಸಿದ ಸೇನಾನಿ ಆಶಿಕಾಗಾ ತಕಾಉಜಿಯು ಪಕ್ಷ ಬದಲಿಸಿ ಕ್ಯೋಟೋವನ್ನು ವಶಪಡಿಸಿಕೊಂಡನು. ನಿತ್ತಾ ಯೊಶಿಸದನು ಕಾಮಕುರಾವನ್ನು ಗೆದ್ದನು. ಆದರೆ ಪುನಃಸ್ಥಾಪಿತ ಚಕ್ರವರ್ತಿಯ ಆಡಳಿತವೂ ಯೋಧರ ನಿರೀಕ್ಷೆಯನ್ನು ಪೂರೈಸಲಿಲ್ಲ. 1335ರಲ್ಲಿ ತಕಾಉಜಿ ತಿರುಗಿಬಿದ್ದನು. 1336ರ ಮಿನಾತೊಗಾವಾ ಕದನದಲ್ಲಿ ಚಕ್ರವರ್ತಿಯ ಪಕ್ಷದ ಕುಸುನೊಕಿ ಮಸಶಿಗೆ ಸೋತು ಆತ್ಮಾಹುತಿ ಮಾಡಿಕೊಂಡನು. ಅದೇ ವರ್ಷ ತಕಾಉಜಿಯು ಕ್ಯೋಟೋದಲ್ಲಿ ಬೇರೊಬ್ಬ ಚಕ್ರವರ್ತಿಯನ್ನು ಪಟ್ಟಕ್ಕೇರಿಸಲು, ಗೊ-ದೈಗೊ ಯೊಶಿನೊಗೆ ತೆರಳಿದನು. ಹೀಗೆ ಹುಟ್ಟಿದ ಉತ್ತರ ಮತ್ತು ದಕ್ಷಿಣ ಆಸ್ಥಾನಗಳು 1392ರವರೆಗೂ ಪರಸ್ಪರ ಕಾದಿದವು.

ಈ ದೀರ್ಘ ಕಲಹದಲ್ಲಿ ಯೋಧರು ಪದೇ ಪದೇ ಪಕ್ಷಾಂತರ ಮಾಡಿದರು. ಅವರು ಸಲ್ಲಿಸುತ್ತಿದ್ದ ‘ಗುಂಚೂಜೋ’ ಎಂಬ ಸೇವಾಪತ್ರಗಳು ಇಂದಿಗೂ ಉಳಿದಿವೆ. ಕಾದಿದ ಸ್ಥಳ, ಪಡೆದ ಗಾಯ, ಮಡಿದ ಅನುಚರರು ಮೊದಲಾದ ವಿವರಗಳನ್ನು ಇವು ದಾಖಲಿಸುತ್ತವೆ. ಇವು ಸೇನಾನಿಯ ದೃಢೀಕರಣ ಪಡೆದು ಪ್ರತಿಫಲ ಕೋರಲು ಸಿದ್ಧಪಡಿಸಿದ ಪತ್ರಗಳೆಂಬುದು ಗಮನಾರ್ಹ.

ಹಾಗಾದರೆ ಆದರ್ಶದ ಮೂಲವೆಲ್ಲಿ? ಮಸಶಿಗೆಯ ಮರಣವನ್ನು ‘ತೈಹೇಇಕಿ’ ಎಂಬ ಯುದ್ಧಕಥನವು ಪ್ರಸಿದ್ಧಿಗೆ ತಂದಿತು. 1872ರಲ್ಲಿ ಆಧುನಿಕ ಪ್ರಭುತ್ವವು ಅವನಿಗಾಗಿ ಕೋಬೆಯಲ್ಲಿ ಮಿನಾತೊಗಾವಾ ದೇವಾಲಯವನ್ನು ಸ್ಥಾಪಿಸಿತು. ಪಠ್ಯಪುಸ್ತಕ ವಿವಾದದ ತರುವಾಯ 1911ರಲ್ಲಿ ದಕ್ಷಿಣ ಆಸ್ಥಾನವೇ ನ್ಯಾಯಸಮ್ಮತವೆಂದು ಘೋಷಿತವಾಯಿತು. ಆಗ ಆಳುತ್ತಿದ್ದ ಚಕ್ರವರ್ತಿಯಾದರೋ ಉತ್ತರ ಆಸ್ಥಾನದ ವಂಶಜ! ಶಾಲಾಪಾಠಗಳಲ್ಲಿ ಮಸಶಿಗೆ ನಿಷ್ಠೆಯ ಮೂರ್ತಿಯಾದನು, ತಕಾಉಜಿ ದ್ರೋಹಿಯಾದನು.

ಮಧ್ಯಯುಗದಲ್ಲಿ ನಿಷ್ಠೆಯೇ ಇರಲಿಲ್ಲವೆಂದು ಇದರರ್ಥವಲ್ಲ. ಅದು ಷರತ್ತುಬದ್ಧವಾಗಿತ್ತು; ಪ್ರಶ್ನಾತೀತ ನಿಷ್ಠೆಯ ಆದರ್ಶವನ್ನು ಅದಕ್ಕೆ ಆರೋಪಿಸಿದ್ದು ಬಹುಮಟ್ಟಿಗೆ ನಂತರದ ಕಾಲ. ಆಕರಗಳ ಕಾಲವನ್ನೂ ಅವುಗಳ ವ್ಯಾಖ್ಯಾನದ ಕಾಲವನ್ನೂ ಬೇರ್ಪಡಿಸಿ ನೋಡಿದಾಗ ಮಾತ್ರ ಈ ಅಂತರವು ಗೋಚರಿಸುತ್ತದೆ.