ಮಲ್ಲಿಗೆಯೂ ಜತೆಗೆ ಬರಲಿ

ಬಾಡಿಗೆ ಮನೆ ಬದಲಾಯಿಸುವಾಗ ಪಾತ್ರೆ-ಪಡಗ ಎಲ್ಲಾ ಲಾರಿ ಹತ್ತುತ್ತೆ. ಅಂಗಳದ ದುಂಡು ಮಲ್ಲಿಗೆ ಮಾತ್ರ ಅಲ್ಲೇ ಉಳಿಯುತ್ತೆ. ಹಳೇ ಗಿಡವನ್ನು ಬುಡಸಮೇತ ಕಿತ್ತು ತಂದರೆ ಬದುಕೋದು ಕಷ್ಟ. ಬೀಜ ಹಾಕೋಣವೆಂದರೆ ಅದು ಸಾಮಾನ್ಯವಾಗಿ ಬೀಜ ಕಟ್ಟುವುದೇ ಇಲ್ಲ. ಹಾಗಾದರೆ ಏನು ಮಾಡೋದು? ಮೂರು ತಿಂಗಳು ಮುಂಚೆಯೇ ಮರಿ ಗಿಡ ಮಾಡಿಕೊಳ್ಳಿ. ಇದಕ್ಕೆ ಮಳೆಗಾಲ ಸೂಕ್ತ.

ಕಡ್ಡಿ ನೆಡುವುದು: ತೀರಾ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ, ಮೂರ್ನಾಲ್ಕು ಗಿಣ್ಣುಗಳಿರುವ 6 ಇಂಚಿನ ಕಡ್ಡಿಯನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಕೆಂಪು ಮಣ್ಣಿನಲ್ಲಿ ಎರಡು ಗಿಣ್ಣು ಹೂತುಹೋಗುವಂತೆ ನೆಡಿ. ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಡಿ. ಎಲ್ಲವೂ ಬೇರು ಬಿಡಲ್ಲ, ಐದಾರು ಕಡ್ಡಿ ನೆಟ್ಟಿರಿ. ಚಿಗುರು ಕಂಡ ಕೂಡಲೇ ಕಿತ್ತು ನೆಡಬೇಡಿ. ಬೇರಿಲ್ಲದೆಯೂ ಕಡ್ಡಿ ಚಿಗುರುವುದುಂಟು.

ಲೇಯರಿಂಗ್: ಮನೆ ಬಿಡುವವರಿಗೆ ಇದೇ ಹೆಚ್ಚು ಭರವಸೆಯದ್ದು. ಬೇರು ಬರೋವರೆಗೂ ತಾಯಿ ಗಿಡವೇ ಸಾಕುತ್ತೆ. ಬಗ್ಗುವ ಕೆಳಗಿನ ಕೊಂಬೆಯ ಗಿಣ್ಣಿನ ಬಳಿ ತೊಗಟೆಯನ್ನು ಕೊಂಚ ಕೆರೆಯಿರಿ. ಆ ಭಾಗವನ್ನು ಪಕ್ಕದಲ್ಲಿಟ್ಟ ಕುಂಡದ ಮಣ್ಣಿನಲ್ಲಿ 2 ಇಂಚು ಹೂತು, ಮೇಲೊಂದು ಕಲ್ಲಿಡಿ. ಕೊಂಬೆಯ ತುದಿ ಹೊರಗಿರಲಿ. ಮಣ್ಣು ಒಣಗಬಾರದು, ನೀರೂ ನಿಲ್ಲಬಾರದು. ಎರಡು-ಮೂರು ತಿಂಗಳ ನಂತರ ಮೆಲ್ಲಗೆ ಎಳೆದು ನೋಡಿ. ಬಿಗಿಯಾಗಿದ್ದರೆ ತಾಯಿ ಗಿಡದಿಂದ ಕತ್ತರಿಸಿ, ಒಂದು ವಾರ ನೆರಳಲ್ಲಿಟ್ಟು ಆಮೇಲೆ ಬಿಸಿಲಿಗಿಡಿ.

ಹೊಸ ಮನೆಯಲ್ಲಿ ಅಂಗಳ ಇಲ್ಲದಿದ್ದರೂ ಚಿಂತೆಯಿಲ್ಲ. ಚೆನ್ನಾಗಿ ಬಿಸಿಲು ಬೀಳುವ ಬಾಲ್ಕನಿ ಸಾಕು. ಮುಡಿಗೆ ಅದೇ ಹಳೇ ಗಿಡದ ಮಲ್ಲಿಗೆ!