ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ

ಹೊರಕೆರೆದೇವಪುರ ಸೀಮೆಯಿಂದ ಈರುಳ್ಳಿ, ತೆಂಗಿನಕಾಯಿ ಹೇರಿಕೊಂಡು ಕೋಲಾರ, ಚೆನ್ನೈ ಕಡೆ ಹೊರಟ ಲಾರಿಗೆ ಬೆಂಗಳೂರಿನೊಳಗೆ ಯಾವ ಕೆಲಸವೂ ಇರುವುದಿಲ್ಲ. ಆದರೂ ಹಿರಿಯೂರಿನಲ್ಲಿ ಹೆದ್ದಾರಿ ಹತ್ತಿದ ಮೇಲೆ ಗೊರಗುಂಟೆಪಾಳ್ಯದ ದಟ್ಟಣೆಗೆ ಸಿಕ್ಕಿಕೊಳ್ಳಬೇಕಿತ್ತು; ಇಲ್ಲವೇ ದೊಡ್ಡಬಳ್ಳಾಪುರದ ಹಳೆಯ ದಾರಿ ಹಿಡಿದು ಊರೂರಿನ ಸಂತೆ, ಶಾಲೆ, ಹಂಪುಗಳನ್ನು ದಾಟಬೇಕಿತ್ತು.

ಈಗ ಶಿವಗಂಗೆ ಬೆಟ್ಟ ಕಾಣುತ್ತಲೇ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಸಾಕು. ಉಪನಗರ ವರ್ತುಲ ರಸ್ತೆ ಸಿಗುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಬಳಸಿಕೊಂಡು ಹೊಸಕೋಟೆಗೆ ಹೋಗುವ ಸುಮಾರು 80 ಕಿ.ಮೀ. ಭಾಗ 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು.

ರಾಗಿ ಹೊಲ, ನೀಲಗಿರಿ ತೋಪು, ದ್ರಾಕ್ಷಿ ಚಪ್ಪರ ಸರಸರನೆ ಹಿಂದೆ ಸರಿಯುತ್ತವೆ. ನಾನು ಗಾಡಿ ನಿಲ್ಲಿಸಿದ್ದು ಒಂದು ಅಂಡರ್‌ಪಾಸ್ ಹತ್ತಿರ. ಹಿಂದಿನ ದಿನದ ಮಳೆನೀರು ಮೊಣಕಾಲುದ್ದ ನಿಂತಿತ್ತು. ಡೇರಿಗೆ ಹೊರಟವರೊಬ್ಬರು ಹಾಲಿನ ಕ್ಯಾನು ತೂಗುಹಾಕಿದ್ದ ಬೈಕಿನಿಂದ ಇಳಿದು, ಪಂಚೆ ಮೇಲೆತ್ತಿ ಕಟ್ಟಿ, ಅದನ್ನು ತಳ್ಳಿಕೊಂಡೇ ದಾಟಿದರು. ಅವರ ಮನೆ ರಸ್ತೆಯ ಈಚೆ, ಹೊಲ ಆಚೆ. ಮೇಲೆ ಕಂಟೇನರ್ ಲಾರಿಗಳು ಭರ್ರನೆ ಓಡುತ್ತಿದ್ದವು. ಇಂಥ ರಸ್ತೆಯನ್ನು ಅಳೆಯಬೇಕಾದದ್ದು ಮೇಲಿನ ವೇಗದಿಂದಷ್ಟೇ ಅಲ್ಲ, ಕೆಳಗಿನ ಈ ದಾರಿಯಿಂದಲೂ.

ನಲ್ಲೂರಿನ ಬಳಿ ಟೋಲ್ ಇದೆ. ಅವಸರವಿಲ್ಲದವರು ಅಲ್ಲಿ ಹೆದ್ದಾರಿ ಬಿಟ್ಟು ಹುಣಸೆ ತೋಪು ನೋಡಿಬರಬೇಕು. 54 ಎಕರೆಯ ಈ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಬೊಡ್ಡೆ ಟೊಳ್ಳಾದ ಮರಗಳೂ ಇಲ್ಲಿ ಚಿಗುರುತ್ತಿವೆ.

ಹೊಸಕೋಟೆ ತಲುಪಿದರೆ ಹಳೆಯ ಚೆನ್ನೈ ರಸ್ತೆಯೂ ಇದೆ, ಹೊಸ ಎಕ್ಸ್‌ಪ್ರೆಸ್‌ವೇ ಕೂಡ ಅಲ್ಲಿಂದಲೇ ಶುರುವಾಗುತ್ತದೆ. ನಮ್ಮ ಕಡೆಯ ಲಾರಿಗಳಿಗೆ ಇದು ದೊಡ್ಡ ಉಪಕಾರ. ಆದರೆ ಸುಮಾರು 280 ಕಿ.ಮೀ.ನ ಈ ಯೋಜನೆ ಆನೇಕಲ್, ಕನಕಪುರ, ರಾಮನಗರ, ಮಾಗಡಿ ಸುತ್ತಿ ಮತ್ತೆ ದಾಬಸ್‌ಪೇಟೆಗೆ ಕೂಡಿಕೊಳ್ಳಬೇಕು. ಹೈದರಾಬಾದಿನ 158 ಕಿ.ಮೀ. ಹೊರವರ್ತುಲ ರಸ್ತೆ ಪೂರ್ತಿ ಸುತ್ತುತ್ತದೆ. ಲಂಡನ್ನಿನ 188 ಕಿ.ಮೀ. ಎಂ25 ರಸ್ತೆ 1986ರಲ್ಲೇ ಮುಗಿಯಿತು. ನಮ್ಮಲ್ಲಿ ದಕ್ಷಿಣದ ಭಾಗಕ್ಕೆ ಬನ್ನೇರುಘಟ್ಟದ ಕಾಡು, ಆನೆಗಳ ಓಡಾಟ ಎರಡೂ ಅಡ್ಡ ಬರುತ್ತವೆ. ಅಲ್ಲಿ ಆತುರ ಸಲ್ಲದು.

ಕಟ್ಟಿರುವ ಕಡೆ ಮಾತ್ರ ಕಾಯುವುದಕ್ಕೆ ಕಾರಣವಿಲ್ಲ. ಮುಂದಿನ ಮಳೆಗಾಲದೊಳಗೆ ಅಂಥ ಅಂಡರ್‌ಪಾಸ್‌ಗಳ ನೀರು ಹರಿದುಹೋಗುವಂತೆ ಚರಂಡಿ ಮಾಡಿಕೊಡಿ.