ನರ್ಸಿಂಗ್, ಲ್ಯಾಬ್ ಕೋರ್ಸುಗಳ ಕೆಮಿಸ್ಟ್ರಿ: ಐದು ತಪ್ಪು ಕಲ್ಪನೆ, ಐದು ವಾಸ್ತವ

ನರ್ಸಿಂಗ್, ಲ್ಯಾಬ್ ಟೆಕ್ನಾಲಜಿ, ಡಯಾಲಿಸಿಸ್ ಟೆಕ್ನಾಲಜಿ ಎಂದು ಸೇರಿಕೊಂಡ ಹುಡುಗ ಹುಡುಗಿಯರಿಗೆ ಮೊದಲ ವರ್ಷದಲ್ಲೇ ಎದುರಾಗುವ ವಿಷಯ ಬಯೋಕೆಮಿಸ್ಟ್ರಿ. ದ್ರಾವಣ, ಆಮ್ಲ, ಪ್ರತ್ಯಾಮ್ಲ, ಲವಣ, ಗ್ಲೂಕೋಸ್, ಪ್ರೋಟೀನು ಎಲ್ಲವೂ ಅದರೊಳಗೇ ಬರುತ್ತವೆ. ‘ಹೇಗಾದರೂ ಪಾಸಾದರೆ ಸಾಕು’ ಎಂಬ ಮಾತು ಹಾಸ್ಟೆಲುಗಳಲ್ಲಿ ಸೀನಿಯರುಗಳಿಂದ ಜೂನಿಯರುಗಳಿಗೆ ದಾಟುತ್ತಲೇ ಇರುತ್ತದೆ. ಅದರ ಜೊತೆ ಕೆಲವು ತಪ್ಪು ನಂಬಿಕೆಗಳೂ ದಾಟುತ್ತವೆ. ಅವುಗಳಿಂದ ನಷ್ಟವಾಗುವುದು ವಿದ್ಯಾರ್ಥಿಯ ಅಂಕಗಳಿಗೆ ಮಾತ್ರವಲ್ಲ, ಮುಂದೆ ಅವರ ಕೈಗೆ ಬರುವ ರೋಗಿಗೂ. ಆದ್ದರಿಂದ ಒಂದೊಂದನ್ನೇ ನೋಡೋಣ.

ತಪ್ಪು ಕಲ್ಪನೆ 1: ಪರೀಕ್ಷೆ ಮುಗಿದ ಮೇಲೆ ಕೆಮಿಸ್ಟ್ರಿಗೂ ವಾರ್ಡಿಗೂ ಸಂಬಂಧವಿಲ್ಲ.

ವಾಸ್ತವ: ಓಆರ್‌ಎಸ್ ಪ್ಯಾಕೆಟ್ಟನ್ನೇ ತೆಗೆದುಕೊಳ್ಳಿ. ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಷಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್. ಗ್ಲೂಕೋಸ್ ಹಾಕಿರುವುದು ರುಚಿಗಲ್ಲ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬಿಸ್ ಇಂಥದೇ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಸಾವಿನ ಪ್ರಮಾಣವನ್ನು ಬಹಳ ಕೆಳಗಿಳಿಸಿದರು. ಈಗ, ಒಂದು ಲೀಟರಿನ ಪ್ಯಾಕೆಟ್ಟನ್ನು ತಾಯಿಯೊಬ್ಬಳು ಒಂದೇ ಲೋಟ ನೀರಿಗೆ ಸುರಿಯುತ್ತಾಳೆ ಎನ್ನಿ. ದ್ರಾವಣ ಗಟ್ಟಿಯಾಗಿ, ಮಗುವಿನ ಮೈಯಲ್ಲಿರುವ ನೀರನ್ನೇ ಕರುಳಿಗೆ ಎಳೆಯುತ್ತದೆ. ಭೇದಿ ಹೆಚ್ಚುತ್ತದೆ, ರಕ್ತದ ಸೋಡಿಯಂ ಏರುತ್ತದೆ. ಆಸ್ಮಾಸಿಸ್ ಪಾಠ ಅರ್ಥವಾದ ನರ್ಸ್ ಆ ತಾಯಿಯ ಕೈ ಹಿಡಿದು ತಡೆಯುತ್ತಾಳೆ.

ತಪ್ಪು ಕಲ್ಪನೆ 2: ಲೆಕ್ಕದಲ್ಲಿ ಹಿಂದಿರುವವರಿಗೆ ಇದು ತಲೆಗೆ ಹತ್ತುವುದಿಲ್ಲ.

ವಾಸ್ತವ: ಇಲ್ಲಿ ಬೇಕಾದದ್ದು ಗುಣಾಕಾರ, ಭಾಗಾಕಾರ, ದಶಮಾಂಶ. ಅಷ್ಟೇ. ದ್ರಾವಣದ ಮೇಲೆ ‘ಶೇ. 1’ ಎಂದಿದ್ದರೆ 100 ಮಿ.ಲೀ.ನಲ್ಲಿ 1 ಗ್ರಾಂ ಎಂದು ತಿಳಿದರೆ ಅರ್ಧ ದಾರಿ ಸಾಗಿದಂತೆ. ಶೇ. 2ರ ಲಿಗ್ನೋಕೇನ್ ಎಂದರೆ 1 ಮಿ.ಲೀ.ನಲ್ಲಿ 20 ಮಿ.ಗ್ರಾಂ. 1:1,000 ಅಡ್ರಿನಲಿನ್‌ನಲ್ಲಿ 1 ಮಿ.ಲೀ.ಗೆ 1 ಮಿ.ಗ್ರಾಂ ಇದ್ದರೆ, 1:10,000ದಲ್ಲಿ ಅದರ ಹತ್ತನೇ ಒಂದು ಭಾಗ. ಒಂದು ಸೊನ್ನೆ ತಪ್ಪಿದರೆ ಹತ್ತು ಪಟ್ಟು ಡೋಸ್ ಹೋಗುತ್ತದೆ. ಶೇ. 15ರ ಪೊಟ್ಯಾಷಿಯಂ ಕ್ಲೋರೈಡ್ ಆಂಪ್ಯೂಲ್ 10 ಮಿ.ಲೀ. ಇದ್ದರೆ ಅದರಲ್ಲಿ 1.5 ಗ್ರಾಂ ಇದೆ, ಅಣುಭಾರ 74.5ರಿಂದ ಭಾಗಿಸಿದರೆ ಸುಮಾರು 20 ಮಿಲಿಮೋಲ್. ಇದನ್ನು ದುರ್ಬಲಗೊಳಿಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲಬಹುದು. ಲೆಕ್ಕಕ್ಕೆ ಹೆದರುವವರು ಒಂದು ಅಭ್ಯಾಸ ಮಾಡಿಕೊಳ್ಳಲಿ: ಪ್ರತಿ ಸಂಖ್ಯೆಯ ಪಕ್ಕ ಅದರ ಯೂನಿಟ್ ಬರೆಯುವುದು. ತಪ್ಪು ಮಾಡಿದ್ದರೆ ಬಹಳಷ್ಟು ಸಲ ಯೂನಿಟ್ಟೇ ಹೇಳಿಬಿಡುತ್ತದೆ.

ತಪ್ಪು ಕಲ್ಪನೆ 3: ನಾರ್ಮಲ್ ವ್ಯಾಲ್ಯೂಗಳನ್ನು ಬಾಯಿಪಾಠ ಮಾಡಿದರೆ ಮುಗಿಯಿತು.

ವಾಸ್ತವ: ರಕ್ತದ ಪಿಎಚ್ 7.35ರಿಂದ 7.45 ಎಂದು ಎಲ್ಲರಿಗೂ ಬಾಯಿಗೆ ಬರುತ್ತದೆ. ರೋಗಿಯೊಬ್ಬರ ಪಿಎಚ್ 7.1 ಎಂದು ಬಂದರೆ ‘ಸ್ವಲ್ಪವೇ ಕಡಿಮೆ’ ಎನ್ನಿಸುವುದು ಸಹಜ. ಆದರೆ ಪಿಎಚ್ ಲಾಗರಿದಮ್ ಅಳತೆ. 7.4ರಲ್ಲಿ ಲೀಟರಿಗೆ 40 ನ್ಯಾನೋಮೋಲ್ ಇದ್ದ ಹೈಡ್ರೋಜನ್ ಅಯಾನು 7.1ರಲ್ಲಿ 80 ಆಗಿರುತ್ತದೆ, ಅಂದರೆ ಎರಡು ಪಟ್ಟು. ಸಕ್ಕರೆ ಕಾಯಿಲೆ ಉಲ್ಬಣಿಸಿ ಕೀಟೋಆಸಿಡೋಸಿಸ್ ಆದವರು ಆಳವಾಗಿ, ವೇಗವಾಗಿ ಉಸಿರಾಡುವುದೂ ಇದೇ ಕಾರಣಕ್ಕೆ: ಕಾರ್ಬನ್ ಡೈಆಕ್ಸೈಡನ್ನು ಹೊರಹಾಕಿ ದೇಹ ಆಮ್ಲವನ್ನು ಇಳಿಸಲು ಹೆಣಗುತ್ತಿರುತ್ತದೆ. ಬೈಕಾರ್ಬೊನೇಟ್ ಬಫರ್ ಪಾಠ ಓದಿದವರಿಗೆ ಆ ಉಸಿರಾಟವೇ ಎಚ್ಚರಿಕೆ.

ತಪ್ಪು ಕಲ್ಪನೆ 4: ಈಗ ಎಲ್ಲ ಮಷೀನೇ ಮಾಡುತ್ತದೆ, ನಾವು ಬಟನ್ ಒತ್ತಿದರೆ ಸಾಕು.

ವಾಸ್ತವ: ಮಷೀನ್ ತನಗೆ ಕೊಟ್ಟ ಸ್ಯಾಂಪಲ್ಲನ್ನು ಅಳೆಯುತ್ತದೆ. ಸ್ಯಾಂಪಲ್ ಸರಿಯಿದೆಯೇ ಎಂಬ ಪ್ರಶ್ನೆ ಮನುಷ್ಯರದು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಇರುತ್ತದೆ, ಸಾಮಾನ್ಯವಾಗಿ ಪೊಟ್ಯಾಷಿಯಂ ಲವಣದ ರೂಪದಲ್ಲಿ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು. ಇಡಿಟಿಎ ಆ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಗೆ ಇದು ಸರಿಯಾದ ಟ್ಯೂಬು. ಆದರೆ ಪೊಟ್ಯಾಷಿಯಂ, ಕ್ಯಾಲ್ಸಿಯಂ ಅಳೆಯಲು ತೆಗೆದ ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಕಡಿಮೆಯಾಯಿತೆಂದು ನೇರಳೆ ಟ್ಯೂಬಿನಿಂದ ಒಂದಿಷ್ಟು ಸುರಿದುಬಿಟ್ಟರೆ? ರಿಪೋರ್ಟಿನಲ್ಲಿ ಪೊಟ್ಯಾಷಿಯಂ ಗಾಬರಿಯಾಗುವಷ್ಟು ಮೇಲೆ, ಕ್ಯಾಲ್ಸಿಯಂ ನಂಬಲಾಗದಷ್ಟು ಕೆಳಗೆ. ಹಾಸಿಗೆಯಲ್ಲಿ ರೋಗಿ ಆರಾಮಾಗಿ ಕೂತಿರುತ್ತಾರೆ. ಎರಡೂ ಒಟ್ಟಿಗೆ ಹೀಗೆ ಕೆಟ್ಟಿರುವುದನ್ನು ಕಂಡ ಕೂಡಲೇ, ಕೆಮಿಸ್ಟ್ರಿ ಗೊತ್ತಿರುವ ಟೆಕ್ನಿಷಿಯನ್ ರಿಪೋರ್ಟ್ ತಡೆದು ಹೊಸ ಸ್ಯಾಂಪಲ್ ಕೇಳುತ್ತಾರೆ. ಗೊತ್ತಿಲ್ಲದವರು ಹಾಗೇ ಕಳಿಸುತ್ತಾರೆ, ಇಲ್ಲದ ಪೊಟ್ಯಾಷಿಯಂ ಇಳಿಸಲು ಇನ್ಸುಲಿನ್ ಡ್ರಿಪ್ ಶುರುವಾದರೂ ಆಗಬಹುದು.

ಸಕ್ಕರೆ ಪರೀಕ್ಷೆಯ ಬೂದು ಮುಚ್ಚಳದ ಟ್ಯೂಬಿಗೂ ಇಂಥದೇ ಕಾರಣವಿದೆ. ಹೊರತೆಗೆದ ಮೇಲೂ ರಕ್ತಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಬೂದು ಟ್ಯೂಬಿನಲ್ಲಿರುವ ಫ್ಲೋರೈಡ್ ಎನೊಲೇಸ್ ಕಿಣ್ವವನ್ನು ತಡೆದು ಆ ಕೆಲಸ ನಿಲ್ಲಿಸುತ್ತದೆ. ಮುಚ್ಚಳದ ಬಣ್ಣ ಮಾತ್ರ ನೆನಪಿಟ್ಟವರು ಅವಸರದಲ್ಲಿ ಮರೆಯಬಹುದು. ಕಾರಣ ತಿಳಿದವರು ಮರೆಯುವುದು ಕಷ್ಟ.

ತಪ್ಪು ಕಲ್ಪನೆ 5: ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ಆಗದ ಮಾತು.

ವಾಸ್ತವ: ಮೊದಲ ಕೆಲವು ತಿಂಗಳು ಕಷ್ಟ ಎಂಬುದು ನಿಜ. ಪಠ್ಯವೂ ಪರೀಕ್ಷೆಯೂ ಇಂಗ್ಲಿಷಿನಲ್ಲಿರುತ್ತವೆ. ಆದರೆ ಅರ್ಥವಾಗುವ ಭಾಷೆ ಯಾವುದಾದರೇನು? ಪಾಠವನ್ನು ಗೆಳತಿಗೆ ಕನ್ನಡದಲ್ಲಿ ವಿವರಿಸಿ, ಆಮೇಲೆ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡಿ. ವಿವರಿಸಲು ಎಲ್ಲಿ ತಡವರಿಸುತ್ತೀರೋ ಅಲ್ಲಿ ಅರ್ಥವಾಗಿಲ್ಲ ಎಂದು ಲೆಕ್ಕ.

ಈ ಅಭ್ಯಾಸ ಕೆಲಸಕ್ಕೆ ಸೇರಿದ ಮೇಲೆ ಆಸ್ತಿಯಾಗುತ್ತದೆ. ಡಯಾಲಿಸಿಸ್‌ಗೆ ಬಂದ ಹಿರಿಯರೊಬ್ಬರು ‘ಎಳನೀರು ತಂಪು, ಒಳ್ಳೇದಲ್ವಾ ಸಿಸ್ಟರ್?’ ಎಂದು ಕೇಳುತ್ತಾರೆ. ‘ಬೇಡ ಅಜ್ಜಾ, ಅದ್ರಲ್ಲಿ ಪೊಟ್ಯಾಷಿಯಂ ಜಾಸ್ತಿ. ನಿಮ್ಮ ಕಿಡ್ನಿಗೆ ಅದನ್ನ ಹೊರಗೆ ಹಾಕೋಕಾಗಲ್ಲ. ರಕ್ತದಲ್ಲಿ ಏರಿದ್ರೆ ಹೃದಯಕ್ಕೇ ತೊಂದ್ರೆ’ ಎಂದು ಬಿಡಿಸಿ ಹೇಳುವವರು ಬೇಕು. ಬರೀ ‘ಕುಡೀಬೇಡಿ’ ಎಂದರೆ ಅಜ್ಜ ಮನೆಗೆ ಹೋಗಿ ಕುಡಿಯುತ್ತಾರೆ. ಕಾರಣ ತಿಳಿದರೆ ಬಿಡುತ್ತಾರೆ.

ಮೊದಲ ವರ್ಷದ ಕೆಮಿಸ್ಟ್ರಿ ಕಲಿಸುವುದು ಈ ಕಾರಣಗಳನ್ನೇ. ಹೊಸದಾಗಿ ಸೇರಿದವರು ‘ಇದು ಪರೀಕ್ಷೆಗೆ ಬರುತ್ತಾ ಸರ್?’ ಎಂದು ಕೇಳುವ ಬದಲು ‘ಇದು ಯಾವ ರೋಗಿಯಲ್ಲಿ ಕಾಣುತ್ತೆ ಸರ್?’ ಎಂದು ಕೇಳಲಿ. ಪಾಠ ಮಾಡುವವರೂ ಪ್ರತಿ ತರಗತಿಯಲ್ಲಿ ಅದಕ್ಕೊಂದು ಉತ್ತರ ಸಿದ್ಧವಿಟ್ಟುಕೊಳ್ಳಲಿ.